ಹಿಂದಿನ ಬಾಗಿಲಿನ ಬೇವು

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಟಿಕೆಟ್ ಪುಸ್ತಕವಿದ್ದ ಕಾಲದಲ್ಲಿ ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಒಂದೇ ಎಳೆತಕ್ಕೆ ಟಿಕೆಟ್ ಹರಿದು ಕೊಡುತ್ತಿದ್ದರು. ಆಮೇಲೆ ಗುಂಡಿ ಒತ್ತಿದರೆ ಚೀಟಿ ಬರುವ ಯಂತ್ರ ಬಂತು. ಆಗಲೂ ಬೆರಳು ಮೊದಲು ನಾಲಿಗೆಗೆ ಹೋಗಿಯೇ ಗುಂಡಿಗೆ ಬರುತ್ತಿತ್ತು. ಯಂತ್ರಕ್ಕೆ ಎಂಜಲು ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಅದಕ್ಕೂ ನಾನ್ಯಾರು ಅಂತ ಗೊತ್ತಾಗಬೇಕಲ್ರಿ ಯಜಮಾನ್ರೇ" ಎಂದಿದ್ದರು.

ನಾನು ಹರಿಹರದವನು. ಎಸ್ಸೆಸ್ಸೆಲ್ಸಿ ಮುಗಿಸಿದವನು ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಸೇರಿ, ಅದೇ ಗಾದಿಯ ಮೇಲೆ ಮುದುಕನಾದೆ. ಬೆಳಿಗ್ಗೆ ಹರಿಹರದಿಂದ ಹೊರಡುವ ಬಸ್ಸಿಗೆ ಅವರು ಕಂಡಕ್ಟರು. ಆಮೇಲೆ ನಮ್ಮ ಪಕ್ಕದ ಮನೆಗೇ ಬಾಡಿಗೆಗೆ ಬಂದರು. ಎರಡು ಮನೆಗೂ ಒಂದೇ ಗೋಡೆ, ಮುಂದೆ ಒಂದೇ ಜಗಲಿ. ಓಣಿಯವರೆಲ್ಲ ಅವರನ್ನು ಕಂಡಕ್ಟರು ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯುವ ಯೋಗ್ಯತೆ ನನಗಿಲ್ಲ. ಅದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಬಸ್ಸಿನಲ್ಲಿ ಅವರದು ಮುಟ್ಟಿ ಮಾತಾಡುವ ಸ್ವಭಾವ. ಜನ ಎಷ್ಟೇ ಒತ್ತಿಕೊಂಡಿದ್ದರೂ ನಡುವೆ ಈಜಿಕೊಂಡು ಬರುತ್ತಿದ್ದರು. ಒಬ್ಬರ ಹೆಗಲು, ಇನ್ನೊಬ್ಬರ ತೋಳು, ಮುದುಕಿಯರಾದರೆ ತಲೆ. ಮುಟ್ಟಿ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ ಎನ್ನುತ್ತಿದ್ದರು. ಬಾಗಿಲಲ್ಲಿ ನಿಂತವರಿಗೆ, "ಒಳಗೆ ಹೋಗ್ರಪ್ಪ, ಒಳಗೆ ಹೋದ್ರೂ ದಾವಣಗೆರೆನೇ ಬರ್ತೈತೆ" ಎಂದು ದಿನವೂ ಅದೇ ಮಾತು ಹೇಳುತ್ತಿದ್ದರು. ದಿನವೂ ಯಾರಾದರೊಬ್ಬರು ನಗುತ್ತಿದ್ದರು.

ನಲವತ್ತೆರಡರ ವಯಸ್ಸಿನಲ್ಲಿ ಅವರಿಗೆ ರಕ್ತದ ಕ್ಯಾನ್ಸರ್ ಬಂತು. ಮೊದಲು ಒಸಡಿನಲ್ಲಿ ರಕ್ತ, ಆಮೇಲೆ ಮೈಮೇಲೆ ನೀಲಿ ಕಲೆಗಳು. ದಾವಣಗೆರೆಯಿಂದ ಬೆಂಗಳೂರಿಗೆ ಕಳಿಸಿದರು. ಔಷಧಿಗೆ ಇಳಿದ ರೋಗ ತಿರುಗಿ ಎದ್ದಾಗ, ರಕ್ತ ಹುಟ್ಟುವ ಮೂಲಕಣಗಳನ್ನೇ ಬದಲಿಸಬೇಕು ಎಂದರಂತೆ. ಹದಡಿಯಲ್ಲಿದ್ದ ಅವರ ತಂಗಿಯದು ಹೊಂದಿತು. ನಾವೆಲ್ಲ ಅದನ್ನು ದೊಡ್ಡ ಆಪರೇಷನ್ ಎಂದುಕೊಂಡಿದ್ದೆವು. ಆದರೆ ತಂಗಿಯ ಕಣಗಳು ಒಂದು ಸಣ್ಣ ಚೀಲದಲ್ಲಿ ಬಂದವಂತೆ, ಗ್ಲೂಕೋಸ್ ಏರಿಸಿದ ಹಾಗೆ ಏರಿಸಿದರಂತೆ. "ಇಷ್ಟೇನಾ ಅನ್ನಿಸ್ತು ಯಜಮಾನ್ರೇ. ಹೊಲದಾಗಿನ ಹಳೇ ಬೆಳೆ ಪೂರಾ ಸುಟ್ಟು, ಬೇರೆ ಹೊಲದ ಬೀಜ ಹಾಕಿದ್ರು" ಎಂದು ಅವರು ಹೇಳಿದ್ದು ನೆನಪಿದೆ. ಐದಾರು ತಿಂಗಳ ನಂತರ ಮನೆಗೆ ಬಂದರು. ತಲೆಯಲ್ಲಿ ಕೂದಲಿರಲಿಲ್ಲ, ಮುಖಕ್ಕೆ ಮಾಸ್ಕು, ಕೈಯಲ್ಲಿ ಒಂದು ದಪ್ಪ ಫೈಲು. ರಕ್ತದ ಗುಂಪೂ ಬದಲಾಗಿತ್ತು. ಹುಟ್ಟಿದಾಗಿನದು ಹೋಗಿ ತಂಗಿಯದು ಬಂದಿತ್ತು. "ಈಗ ನನ್ನೊಳಗೆ ನನ್ನ ತಂಗಿ ಅದಾಳೆ. ಸಾಯಂಕಾಲ ಧಾರಾವಾಹಿ ನೋಡ್ದಿದ್ರೆ ಚಡಪಡಿಕೆ ಆಗ್ತೈತೆ" ಎಂದು ತಂಗಿಯ ಎದುರಿಗೇ ಹೇಳುತ್ತಿದ್ದರು. ಆಕೆ, "ಹಂಗಾದ್ರೆ ರೊಟ್ಟಿನೂ ಬಡಿ ಬಾ, ನೋಡೋಣು" ಎನ್ನುತ್ತಿದ್ದಳು.

ಓಣಿಯಲ್ಲಿ ಎಲ್ಲರೂ ಗುಣ ಆಯಿತು ಎಂದರು. ನಾನೂ ಅಂದೆ. ಗುಣ ಆಗುವುದು ಎಂದರೆ ಏನು ಎಂದು ಈಗಲೂ ನನಗೆ ಸರಿಯಾಗಿ ತಿಳಿದಿಲ್ಲ. ಕ್ಯಾನ್ಸರ್ ಹೋಗಿತ್ತು, ಅದು ನಿಜ. ತಿರುಗಿ ಬರಲೇ ಇಲ್ಲ. ಆದರೆ ತಂಗಿಯ ಕಣಗಳಿಗೆ ಅಣ್ಣನ ಮೈ ಪರಕೀಯವಾಗಿ ಕಂಡಿತ್ತು. ಅವು ಬಾಯಿ ಒಣಗಿಸಿದವು, ಕಣ್ಣೀರು ಬತ್ತಿಸಿದವು, ಮುಂಗೈ ಚರ್ಮವನ್ನು ಚಕ್ಕಳದ ಹಾಗೆ ಬಿಗಿದವು. ಅವನ್ನು ಹದ್ದುಬಸ್ತಿನಲ್ಲಿಡಲು ಮಾತ್ರೆ. ಆ ಮಾತ್ರೆಯಿಂದ ಕಣ್ಣಿಗೆ ಪೊರೆ, ಮೂಳೆಗೆ ಸವೆತ, ಎಲ್ಲಕ್ಕಿಂತ ಹೆಚ್ಚಾಗಿ ಸೋಂಕಿನ ಹೆದರಿಕೆ. ಅನ್ನ ನುಂಗಬೇಕಾದರೆ ತುತ್ತಿಗೊಮ್ಮೆ ನೀರು ಬೇಕಿತ್ತು. ಒಂದು ಹಸಿಮೆಣಸಿನಕಾಯಿಯ ಚೂರು ಬಾಯಿಗೆ ಬಿದ್ದರೆ ಕೆಂಡ ಇಟ್ಟಂತೆ ಒದ್ದಾಡುತ್ತಿದ್ದರು. ಕೆಲಸಕ್ಕೆ ವಾಪಸು ಹೋದಾಗ ಡಿಪೋದಲ್ಲಿ ಕೂತು ಬರೆಯುವ ಕೆಲಸ ಕೊಟ್ಟರು. ಕಾಗದ ತಿರುವಲು ಹೆಬ್ಬೆರಳನ್ನು ನಾಲಿಗೆಗೆ ಒಯ್ದು ಸುಮ್ಮನೆ ಇಳಿಸುವುದನ್ನು ನಾನೇ ನೋಡಿದ್ದೇನೆ. ಆಮೇಲೆ ಮೇಜಿನ ಮೇಲೆ ಒದ್ದೆ ಸ್ಪಂಜು ಇಟ್ಟುಕೊಂಡರು. ಮೂರು ವರ್ಷ ಆ ಕೆಲಸ ಮಾಡಿ, ಆಗದೆ, ಸ್ವಂತ ಇಚ್ಛೆಯಿಂದ ನಿವೃತ್ತರಾದರು.

"ಎಂಜಿನ್ ಹೊಸದು ಕೂಡ್ಸ್ಯಾರೆ, ಬಾಡಿ ಹಳೇದು. ಓಡ್ತೈತೆ, ಆದ್ರೆ ಎಲ್ಲಾ ಕಡೆ ಗಡಗಡ ಅಂತೈತೆ" ಎಂಬುದು ಅವರ ಮಾತು. ಹೇಗಿದ್ದೀರಿ ಎಂದು ಕೇಳಿದವರಿಗೆಲ್ಲ ಇದೇ ಉತ್ತರ.

ಹೀಗೆ ಬೇರೆಯವರ ಕಣಗಳ ಕಸಿಯಾದ ಮೇಲೆ ಮೈಗೆ ಚಿಕ್ಕಂದಿನ ಲಸಿಕೆಗಳ ನೆನಪೇ ಇರುವುದಿಲ್ಲವಂತೆ. ಎಲ್ಲವನ್ನೂ ಮತ್ತೆ ಹಾಕಿಸಬೇಕು. ಒಂದು ಗುರುವಾರ ಅವರ ಜೊತೆಗೆ ಸರಕಾರಿ ಆಸ್ಪತ್ರೆಗೆ ನಾನೇ ಹೋಗಿದ್ದೆ. ಬೆಂಚಿನ ತುಂಬ ಕೂಸುಗಳನ್ನು ಎತ್ತಿಕೊಂಡ ತಾಯಂದಿರು. ಅವರಿಂದ ದೂರ, ಕಿಟಕಿಯ ಹತ್ತಿರ ಇವರು ಮಾಸ್ಕು ಹಾಕಿಕೊಂಡು ಕೂತಿದ್ದರು. ಸಿಸ್ಟರ್ ಚೀಟಿ ನೋಡಿ, ಮಗು ಎಲ್ಲಿ ಎಂದು ಕೇಳಿದಳು. "ನಾನೇ ರೀ ಮಗು. ವಯಸ್ಸು ಒಂದೂವರೆ ವರ್ಷ" ಎಂದರು. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಸೂಜಿ ಚುಚ್ಚುವಾಗ ಸಿಸ್ಟರ್ ಕೂಡ, "ಅಳಬ್ಯಾಡ ಪುಟ್ಟಾ" ಅಂದಳು. ಅಂದು ವಾಪಸು ಬರುವಾಗ ಅವರು ಒಂದು ಮಾತು ಹೇಳಿದರು. ಎಲ್ಲ ಲಸಿಕೆ ಹಾಕಬಹುದು, ಆದರೆ ಜೀವ ಇರುವ ಲಸಿಕೆಗಳನ್ನು ಮಾತ್ರ ಈ ಮಾತ್ರೆ ನುಂಗುತ್ತಿರುವವರೆಗೆ ಹಾಕುವ ಹಾಗಿಲ್ಲ. ಆದ್ದರಿಂದ ಅಮ್ಮ ಆದವರ, ಅಂದರೆ ಮೈಮೇಲೆ ನೀರುಗುಳ್ಳೆ ಎದ್ದವರ ಹತ್ತಿರ ಸುಳಿಯಲೇಬಾರದು, ಸುಳಿದರೆ ಅದೇ ದಿನ ಬಂದು ಹೇಳಬೇಕು ಎಂದು ಡಾಕ್ಟರು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಆ ಕೆಂಪು ಅಕ್ಷರವನ್ನು ನಾನು ಕಣ್ಣಾರೆ ನೋಡಿದ್ದೆ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ನಮ್ಮ ಕಡೆ ಸಿಡುಬಿನಂಥ ಗುಳ್ಳೆ ಎದ್ದರೆ ಅದನ್ನು ಕಾಯಿಲೆ ಎನ್ನುವುದಿಲ್ಲ. ಅಮ್ಮ ಬಂದಾಳೆ ಎನ್ನುತ್ತೇವೆ. ಮುಂಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ. ಅದನ್ನು ಕಂಡವರು ಒಳಗೆ ಬರುವುದಿಲ್ಲ. ಆಕೆ ಹೋಗುವವರೆಗೆ ಮನೆಯಲ್ಲಿ ಎಣ್ಣೆ ಕಾಯಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಒಗ್ಗರಣೆಯ ಚುರ್ ಎಂಬ ಸದ್ದು ಆಕೆಯ ಮೈ ಸುಟ್ಟಂತೆ ಎಂದು ನನ್ನ ಹೆಂಡತಿಯ ನಂಬಿಕೆ. ನನಗೆ ನಂಬಿಕೆ ಇತ್ತೋ ಇಲ್ಲವೋ ನನಗೇ ಗೊತ್ತಿಲ್ಲ. ಆ ಬೇವಿನ ಸೊಪ್ಪಿನಲ್ಲಿ ಹಿರಿಯರು ಎಂಥ ಬುದ್ಧಿವಂತಿಕೆ ಇಟ್ಟಿದ್ದರು ಎಂದು ಗೊತ್ತಾದದ್ದು ಮಾತ್ರ ತಡವಾಗಿ.

ಈಗ ಆ ಊಟದ ವಿಷಯ.

ಕಸಿಯಾಗಿ ಆರು ವರ್ಷ ಆಗಿತ್ತೋ ಏಳೋ. ಆ ಆರೇಳು ವರ್ಷದಲ್ಲಿ ಅವರು ಹೆಂಡತಿ ಮಾಡಿದ್ದು ಬಿಟ್ಟು ಬೇರೆ ಯಾರ ಕೈಯದೂ ಉಂಡಿರಲಿಲ್ಲ. ಮದುವೆಗೆ ಹೋದರೂ ಅಕ್ಷತೆ ಹಾಕಿ ಬಂದುಬಿಡುತ್ತಿದ್ದರು. ಹೊರಗೆ ಬಿಸಿಬಿಸಿಯಾಗಿ ಬೇಯಿಸಿದ್ದು ಉಣ್ಣಬಹುದು ಎಂದು ಡಾಕ್ಟರು ಎಂದೋ ಹೇಳಿದ್ದರು, ಇವರಿಗೇ ಧೈರ್ಯ ಬಂದಿರಲಿಲ್ಲ. ನಮ್ಮ ಜಗಲಿಯೊಂದರ ಮೇಲೆ ಮಾತ್ರ ಮಾಸ್ಕು ತೆಗೆದು ಕೂರುತ್ತಿದ್ದರು. ಸಾಯಂಕಾಲ ನಾನು ಅಂಗಡಿಯ ಹೆಂಗಸರ ಕಥೆ ಹೇಳುತ್ತಿದ್ದೆ, ಅವರು ಬಸ್ಸಿನ ಕಥೆ ಹೇಳುತ್ತಿದ್ದರು. ನಾನೂ ಅಷ್ಟೊತ್ತಿಗೆ ಕೆಲಸ ಬಿಟ್ಟಿದ್ದೆ. ಸತ್ಯ ಹೇಳಬೇಕೆಂದರೆ, ಆ ಒಂದು ತಾಸು ಬಿಟ್ಟರೆ ನನ್ನ ದಿನದಲ್ಲಿ ಬೇರೆ ಏನೂ ಇರಲಿಲ್ಲ. ಊರಿಗೆಲ್ಲ ಮುಖ ಮುಚ್ಚಿಕೊಳ್ಳುವ ಮನುಷ್ಯ ನನ್ನೆದುರು ಮಾತ್ರ ತೆರೆಯುತ್ತಾರೆ ಎಂಬುದು ನನಗೊಂದು ದೊಡ್ಡಸ್ತಿಕೆಯಾಗಿತ್ತು.

ಒಂದು ದಿನ ಅವರೇ ಅಂದರು, "ಯಜಮಾನ್ರೇ, ಧೈರ್ಯ ಮಾಡೀನಿ. ಸೋಮವಾರ ಹೊರಗೆ ಉಣ್ತೀನಿ. ಮೊದಲನೇ ಊಟ ನಿಮ್ಮನ್ಯಾಗೆ. ಅಕ್ಕಾರಿಗೆ ಹೇಳ್ರಿ."

ಎದುರು ಮನೆಯ ನಿವೃತ್ತ ಬ್ಯಾಂಕಿನವರು ಎರಡು ವರ್ಷದಿಂದ ಅವರನ್ನು ಊಟಕ್ಕೆ ಕರೆಯುತ್ತಿದ್ದರು. ನನ್ನ ಮನೆ ಗೆದ್ದಿತು ಎಂದು ನಾನು ಅವರಿಗೂ ಹೇಳಿ ಬಂದೆ. ಎಂಥ ಚಿಕ್ಕ ಮನಸ್ಸು ನೋಡಿ.

ಮಗ ಪರವೂರಿನ ಕೆಲಸದಲ್ಲಿದ್ದ, ಸೊಸೆ ನಮ್ಮ ಜೊತೆಗಿದ್ದಳು. ಶುಕ್ರವಾರ ಅವಳಿಗೆ ಜ್ವರ. ಶನಿವಾರ ಬೆಳಿಗ್ಗೆ ಕುತ್ತಿಗೆ, ಬೆನ್ನು, ಹೊಟ್ಟೆಯ ಮೇಲೆ ನೀರುಗುಳ್ಳೆ. ನನ್ನ ಹೆಂಡತಿ ನೋಡಿದವಳೇ ಕೈ ಮುಗಿದು, ಬೇವು ತರಲು ನನ್ನನ್ನು ಓಡಿಸಿದಳು. ತಂದೆ. ಮುಂಬಾಗಿಲಿಗೆ ಕಟ್ಟಲು ಕೈ ಎತ್ತಿದೆ. ಪಕ್ಕದ ಮನೆಯ ಬಾಗಿಲು ಅಲ್ಲಿಂದ ನಾಲ್ಕು ಹೆಜ್ಜೆ. ಇದನ್ನು ಕಂಡರೆ ಅವರು ಸೋಮವಾರ ಬರುವುದಿಲ್ಲ. ಸೋಮವಾರ ಮಾತ್ರ ಅಲ್ಲ, ತಿಂಗಳುಗಟ್ಟಲೆ ಈ ಜಗಲಿಗೇ ಬರುವುದಿಲ್ಲ. ಬ್ಯಾಂಕಿನವರ ಮನೆಯಲ್ಲಿ ಉಣ್ಣುತ್ತಾರೆ. ಇಷ್ಟೂ ವಿಚಾರ ಒಂದೇ ಕ್ಷಣದಲ್ಲಿ ಬಂತು. ಕೈ ಇಳಿಸಿ, ಒಳಗೆ ನಡೆದು, ಹಿತ್ತಲ ಬಾಗಿಲಿಗೆ ಕಟ್ಟಿದೆ. ಬೇವು ಕಟ್ಟಿದ ಹಾಗೂ ಆಯಿತು, ಕಾಣಿಸದ ಹಾಗೂ ಆಯಿತು.

ಹೆಂಡತಿ ಸುಮ್ಮನಿರಲಿಲ್ಲ. "ಪಾಪ ಸುತ್ತಿಕೊಂತೈತ್ರಿ. ಅವ್ರಿಗೆ ಹೇಳಿಬಿಡ್ರಿ, ಮುಂದಿನ ತಿಂಗ್ಳು ಉಂಡರಾತು" ಎಂದಳು. ಸೊಸೆ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುತ್ತಾಳೆ, ನಾವು ಪಡಸಾಲೆಯಲ್ಲಿ ಕೂರುತ್ತೇವೆ, ಅರ್ಧ ತಾಸಿನ ಮಾತು ಎಂದು ನಾನು ವಾದಿಸಿದೆ. ಅವಳು ಕೊನೆಗೆ, "ಅಡಿಗಿ ಮಾಡ್ತೀನಿ. ಒಗ್ಗರಣಿ ಮಾತ್ರ ಹಾಕಂಗಿಲ್ಲ. ಅದನ್ನ ಕೇಳಬ್ಯಾಡ್ರಿ" ಎಂದಳು.

ಸೋಮವಾರ ಮಧ್ಯಾಹ್ನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಕೈಯಲ್ಲಿ ನೀರಿನ ಬಾಟಲಿ. ಅವರ ಹೆಂಡತಿಯನ್ನೂ ಕರೆದಿದ್ದೆವು. ಅವರೊಬ್ಬರೇ ಉಂಡು ಬರಲಿ, ನಾನು ಎದುರಿಗೆ ಇದ್ದರೆ ತುತ್ತು ಎಣಿಸುತ್ತೀನಿ ಎಂದು ನಕ್ಕು ಆಕೆ ಬಂದಿರಲಿಲ್ಲ. ಅವರು ಕೂತು, ಸೊಸೆ ಎಲ್ಲಿ ಎಂದು ಕೇಳಿದರು. ಆನೆಕೊಂಡದ ತವರಿಗೆ ಹೋಗಿದ್ದಾಳೆ ಎಂದೆ. ನನ್ನ ಹೆಂಡತಿ ಬಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಬಿಸಿ ಅನ್ನ, ಒಗ್ಗರಣೆಯಿಲ್ಲದ ತೊಗರಿಬೇಳೆ ಸಾರು, ಬರೀ ಬೇಯಿಸಿ ಕಾಯಿತುರಿ ಹಾಕಿದ ಕುಂಬಳಕಾಯಿ, ಅಕ್ಕಿ ಪಾಯಸ.

ಅವರು ಮೊದಲ ತುತ್ತು ಬಾಯಿಗಿಟ್ಟು, ಅಗಿದು, ನೀರು ಕುಡಿದು ನುಂಗಿದರು. ಎರಡನೆಯದು ಹಾಗೆಯೇ. ಆಮೇಲೆ ತಟ್ಟೆ ನೋಡುತ್ತ, "ಒಗ್ಗರಣೆ ಹಾಕಿಲ್ಲಲ್ಲ ಅಕ್ಕಾರೆ" ಎಂದರು.

ನನ್ನ ಹೆಂಡತಿ ಎತ್ತಿದ ಸೌಟನ್ನು ಪಾತ್ರೆಗೇ ಇಳಿಸಿದಳು.

"ಮೆಣಸಿನಕಾಯಿ ಇಲ್ಲ, ಸಾಸಿವೆ ಇಲ್ಲ. ನನ್ನ ಬಾಯಿ ಉರಿಬಾರದು ಅಂತ ಇಷ್ಟು ನೆನಪಿಟ್ಟು ಮಾಡೀರಿ. ನಮ್ಮ ಮಾವನ ಮನ್ಯಾಗೂ ಹಿಂಗೆ ಮಾಡಿ ಹಾಕಿಲ್ರಿ ನನಗೆ" ಎಂದರು.

ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ನಾನು ಆಗ ಹೇಳಬಹುದಿತ್ತು. ಏಳಿ, ಮನೆಗೆ ನಡೆಯಿರಿ, ಡಾಕ್ಟರಿಗೆ ಫೋನ್ ಮಾಡಿ ಎನ್ನಬಹುದಿತ್ತು. ನಾನು, "ಉಣ್ರಿ, ಸಂಕೋಚ ಮಾಡಬ್ಯಾಡ್ರಿ" ಎಂದೆ. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಸೊಸೆ ಕೆಮ್ಮಿದಳು. ಬಳೆ ಸದ್ದಾಯಿತು. ಅವರು ಆ ಬಾಗಿಲಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. ಆಮೇಲೆ ತಟ್ಟೆಗೆ ಬಗ್ಗಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡು, ಪಾಯಸ ಎರಡು ಸಲ ಉಂಡು ಎದ್ದರು.

ಅವರೂ ಇದೇ ನಾಡಿನವರು. ಒಗ್ಗರಣೆಯಿಲ್ಲದ ಸಾರು, ತವರಿಗೆ ಹೋದ ಸೊಸೆಯ ಕೆಮ್ಮು. ಗೊತ್ತಾಗದೆ ಇರುತ್ತದೆಯೇ. ಗೊತ್ತಾಗಿದ್ದರೆ ಏಳದೆ ಉಂಡರೇಕೆ. ನನ್ನ ಮರ್ಯಾದೆ ಉಳಿಸಲು ಜೀವ ಒತ್ತೆ ಇಟ್ಟರೇ, ಅಥವಾ ಆ ಊಟದ ರುಚಿಯಲ್ಲಿ ಅವರಿಗೆ ಬೇರೇನೂ ಹೊಳೆಯಲಿಲ್ಲವೇ. ಈ ಪ್ರಶ್ನೆಯನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಒಂದು ದಿನ ಹೀಗೆ ಅನ್ನಿಸುತ್ತದೆ, ಮರುದಿನ ಹಾಗೆ.

ಹದಿನೈದು ದಿನ ಏನೂ ಆಗಲಿಲ್ಲ. ಸೊಸೆಯ ಗುಳ್ಳೆ ಒಣಗಿದವು, ಅವಳು ಅಮ್ಮನನ್ನು ಕಳಿಸುವ ನೀರು ಹಾಕಿಸಿಕೊಂಡು ಓಡಾಡತೊಡಗಿದಳು. ಹಿತ್ತಲ ಬೇವು ಬಿಚ್ಚಿ ಹೊಳೆಗೆ ಬಿಟ್ಟು ಬಂದೆ. ನೋಡು, ಏನೂ ಆಗಲಿಲ್ಲ ಎಂದು ಹೆಂಡತಿಗೆ ಹೇಳಿದೆ. ಅದರ ಮರುದಿನ ಕಂಡಕ್ಟರಿಗೆ ಹೊಟ್ಟೆನೋವು ಶುರುವಾಯಿತು. ಬಗ್ಗಿ ನಡೆಯುವಂಥ ನೋವು. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಮೈಮೇಲೆ ಏನೂ ಇರಲಿಲ್ಲ. ಕರುಳಿರಬಹುದು, ಪಿತ್ತಕೋಶದ ಕಲ್ಲಿರಬಹುದು ಎಂದು ಒಂದೊಂದೇ ಪರೀಕ್ಷೆ ಮಾಡುತ್ತಿದ್ದರು.

ಅವರ ಹೆಂಡತಿ ಬಟ್ಟೆ ಒಯ್ಯಲು ಬೆಳಿಗ್ಗೆ ಮನೆಗೆ ಬಂದವರು ನಮ್ಮ ಬಾಗಿಲಲ್ಲಿ ನಿಂತರು. ಕಣ್ಣು ಬಾತಿತ್ತು.

"ಅಣ್ಣಾರೆ, ಡಾಕ್ಟರು ಒಂದು ಮಾತು ಕೇಳ್ತಾ ಅದಾರೆ. ಅಮ್ಮ ಆದವರ ಹತ್ರ ಎಲ್ಲ್ಯಾರ ಹೋಗಿದ್ರಾ ಅಂತ. ಹೋಗಿದ್ರೆ ಬೇರೆ ಔಷಧಿ ಶುರು ಮಾಡ್ತಾರಂತೆ. ಅವರು ಎಲ್ಲೂ ಹೋಗಿಲ್ಲ, ನಿಮ್ಮನ್ಯಾಗೆ ಉಂಡಿದ್ದೊಂದೇ. ನಿಮ್ಮನ್ಯಾಗೆ ಯಾರಿಗೂ ಏನೂ ಆಗಿರ್ಲಿಲ್ಲಲ್ಲ?"

"ಇಲ್ಲ ತಾಯಿ, ಯಾರಿಗೂ ಏನೂ ಆಗಿಲ್ಲ" ಎಂದೆ.

ಮಾತು ಬಾಯಿಂದ ತಾನೇ ಬಂತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮಾತು ತಾನೇ ಬರುವುದಿಲ್ಲ. ಮೂವತ್ತೈದು ವರ್ಷ ಗಾದಿಯ ಮೇಲೆ ಕೂತು, ಬಣ್ಣ ಹೋಗುತ್ತದೆಯೇ ಎಂದು ಕೇಳಿದವರಿಗೆಲ್ಲ ಇಲ್ಲ ತಾಯಿ ಎಂದು ಹೇಳಿದ ಬಾಯಿ ಅದು. ಅದೇ ದನಿಯಲ್ಲಿ ಹೇಳಿದೆ. ಆಕೆ ನಂಬಿದರು. ನನ್ನ ಹಿಂದೆ ನಿಂತಿದ್ದ ನನ್ನ ಹೆಂಡತಿ ಅಂದಿನಿಂದ ನನ್ನ ಜೊತೆ ಬೇಕಾದ ಮಾತು ಮಾತ್ರ ಆಡುತ್ತಾಳೆ. ನೀನೇ ಯಾಕೆ ಹೇಳಲಿಲ್ಲ ಎಂದು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದೆ. "ನಿಮ್ಮ ಮಾನ ಕಳೀಬಾರದು ಅಂತ ಬಾಯಿ ಮುಚ್ಚಿದೆ. ಅದೂ ಪಾಪನೇ, ನನ್ನ ಲೆಕ್ಕಕ್ಕೆ ಇರ್ಲಿ" ಎಂದಳು.

ಆಕೆ ಕೇಳಿ ಹೋದ ಮೂರನೆಯ ದಿನ ಅವರ ಎದೆ, ಬೆನ್ನು, ಮುಖದ ಮೇಲೆಲ್ಲ ಗುಳ್ಳೆ ಎದ್ದವು. ಆಗ ಆ ಔಷಧಿ ಶುರು ಮಾಡಿದರು. ಅಷ್ಟರಲ್ಲಿ ಅದು ಶ್ವಾಸಕೋಶಕ್ಕೆ, ಯಕೃತ್ತಿಗೆ ಇಳಿದಿತ್ತು. ಎಷ್ಟೋ ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿ ಬಂದರು. ಬಂದವರು ಮೊದಲಿನ ಕಂಡಕ್ಟರಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿತ್ತು. ಬೆನ್ನಿನ ಎಡಗಡೆ, ಗುಳ್ಳೆ ಒಣಗಿದ ಜಾಗದಲ್ಲಿ, ಅಂಗಿ ತಾಗಿದರೂ ಉರಿ. ಜಗಲಿಗೆ ಮತ್ತೆ ಬರಲಿಲ್ಲ. ನಾನೇ ದಿನವೂ ಹೋಗಿ ಮಂಚದ ಹತ್ತಿರ ಕೂರುತ್ತಿದ್ದೆ.

ಒಂದು ಬದಲಾವಣೆ ನನಗೆ ಅರ್ಥವಾಗಲಿಲ್ಲ. ಹದಡಿಯ ತಂಗಿ ಬರುವುದು ನಿಂತಿತು. ಮೊದಲೆಲ್ಲ ಹದಿನೈದು ದಿನಕ್ಕೊಮ್ಮೆ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದವಳು, ತನ್ನ ಮೈಯ ಭಾಗವನ್ನೇ ಕೊಟ್ಟವಳು, ಈಗ ಫೋನಿನಲ್ಲಿ ಮಾತ್ರ ಅಣ್ಣನನ್ನು ಕೇಳುತ್ತಿದ್ದಳು. ಏನಾದರೂ ಮನಸ್ತಾಪವೇ ಎಂದು ಕೇಳಿದರೆ ಕಂಡಕ್ಟರು ಕಣ್ಣಿಗೆ ಹನಿ ಔಷಧಿ ಬಿಟ್ಟುಕೊಳ್ಳುತ್ತ, ಹೆಂಗಸರ ವಿಷಯ ನಮಗ್ಯಾಕೆ ಎಂದುಬಿಟ್ಟರು.

ಹೇಳಬೇಕು ಎಂದು ನಾನು ಪ್ರಯತ್ನಪಡಲಿಲ್ಲ ಎಂದಲ್ಲ. ಒಂದು ಬೆಳಿಗ್ಗೆ ಅವರ ಹೆಂಡತಿ ಹಾಲಿಗೆ ಹೋಗಿದ್ದರು. ನಾವಿಬ್ಬರೇ. ನಾನು, "ನಿಮಗೊಂದು ಮಾತು ಹೇಳಬೇಕು. ಆ ಸೋಮವಾರದ್ದು" ಎಂದೆ.

ಅವರು ಮೂಗಿನ ನಳಿಕೆ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಆ ಸೋಮವಾರ ಹೊಟ್ಟೆ ತುಂಬ ಉಂಡೆ ಯಜಮಾನ್ರೇ. ಏಳು ವರ್ಷದಾಗೆ ಅದೊಂದು ದಿನ ನಾನು ಪೇಷಂಟ್ ಅಲ್ಲ ಅನ್ನಿಸ್ತು. ಅದಕ್ಕೆ ಈಗ ಏನೂ ಸೇರಿಸಬ್ಯಾಡ್ರಿ. ಬಸ್ಸಿನ ಸುದ್ದಿ ಹೇಳ್ರಿ."

ನಾನು ಬಸ್ಸಿನ ಸುದ್ದಿ ಹೇಳಿದೆ. ಹೊಸ ಕಂಡಕ್ಟರ್ ಹುಡುಗಿ ಬಂದಿದ್ದಾಳೆ, ಬಾಗಿಲಲ್ಲಿ ನಿಂತವರನ್ನು ಗದರಿಸಿಯೇ ಒಳಗೆ ಕಳಿಸುತ್ತಾಳೆ ಎಂದೆ. ಅವರು ನಗಲು ಹೋಗಿ ಕೆಮ್ಮಿದರು. ಸೇರಿಸಬೇಡಿ ಎಂದದ್ದು ಕ್ಷಮೆಯೋ, ದೂರ ಇಡುವ ಮಾತೋ, ಅಥವಾ ಉಳಿದಿದ್ದ ಒಂದೇ ಒಂದು ಒಳ್ಳೆಯ ನೆನಪನ್ನು ನನ್ನ ಕೈಗೆ ಕೊಡಲು ಮನಸ್ಸಿರಲಿಲ್ಲವೋ. ಕೇಳುವ ಧೈರ್ಯ ನನಗಾಗಲಿಲ್ಲ. ನನಗದು ಬಿಡುಗಡೆಯಂತೆಯೂ ಅನ್ನಿಸಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಸ್ಪತ್ರೆಯಿಂದ ಬಂದು ಹದಿನಾಲ್ಕು ತಿಂಗಳಾದ ಮೇಲೆ ಅವರು ತೀರಿಕೊಂಡರು. ಬೆಳಿಗ್ಗೆ ಹೆಂಡತಿ ಗಂಜಿ ತಂದಾಗ, ಸ್ವಲ್ಪ ತಡಿ ಎಂದು ಕೈ ತೋರಿಸಿದರಂತೆ. ಆಕೆ ಲೋಟ ಕೆಳಗಿಟ್ಟು ತಿರುಗುವಷ್ಟರಲ್ಲಿ ಮುಗಿದಿತ್ತು. ಡಿಪೋದವರು ಎಷ್ಟೋ ಜನ ಬಂದಿದ್ದರು. ಏಳೆಂಟು ವರ್ಷ ಯಾರೂ ಮುಟ್ಟದಿದ್ದ ಆ ಮೈಯನ್ನು ಅಂದು ಎಲ್ಲರೂ ಮುಟ್ಟಿ ನಮಸ್ಕಾರ ಮಾಡಿದರು. ಹದಡಿಯ ತಂಗಿ ಬಂದವಳು ಹೊಸ್ತಿಲು ದಾಟದೆ ಅಂಗಳದಲ್ಲೇ ಕೂತು ಅತ್ತಳು. ಅತ್ತಿಗೆ ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ತಿಥಿಯಾದ ಮೇಲೆ ನಾನು ದಾವಣಗೆರೆಗೆ ಹೋದೆ. ಅವರನ್ನು ನೋಡುತ್ತಿದ್ದ ರಕ್ತದ ಡಾಕ್ಟರು ಎಸ್.ಎಸ್. ಬಡಾವಣೆಯಲ್ಲಿ ತಮ್ಮ ಮನೆಯಲ್ಲೂ ರೋಗಿಗಳನ್ನು ನೋಡುತ್ತಾರೆ. ಚೀಟಿ ಮಾಡಿಸಿ ಕೂತೆ. ಏನು ತೊಂದರೆ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ನಿಮ್ಮ ಮನೆಯಿಂದಲೇ ಬಂತು ಅಂತ ನಾನು ಹೇಳಲಾರೆ" ಎಂದರು. ಕಂಡಕ್ಟರಿಗೆ ಚಿಕ್ಕಂದಿನಲ್ಲಿ ಒಮ್ಮೆ ಅಮ್ಮ ಆಗಿತ್ತಂತೆ. ಅದರ ವಿಷ ಮೈಯ ನರಗಳಲ್ಲಿ ಮಲಗಿರುತ್ತದೆ, ಕಸಿಯಾದವರಲ್ಲಿ ಎಷ್ಟೋ ವರ್ಷದ ಮೇಲೆ ತಾನಾಗಿಯೇ ಎದ್ದು ಮೈಯೆಲ್ಲ ಹರಡಬಹುದು. ಒಳಗಿನಿಂದ ಎದ್ದದ್ದೋ ಹೊರಗಿನಿಂದ ಬಂದದ್ದೋ ಈಗ ಯಾರಿಂದಲೂ ಹೇಳಲಾಗದು. ಆದರೆ ಒಂದು ಮಾತು ಖಚಿತ, ಎಂದರು. "ಕೇಳಿದ ದಿನವೇ ಹೌದು ಅಂದಿದ್ದರೆ ಅವತ್ತೇ ಔಷಧಿ ಹಾಕುತ್ತಿದ್ದೆವು."

ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಕೊಂದವನು ನಾನು ಎಂದು ಹೇಳಿಕೊಳ್ಳಲು ಆಧಾರವಿಲ್ಲ. ಅಲ್ಲ ಎನ್ನಲೂ ಇಲ್ಲ. ಬೇವನ್ನು ಮುಂದೆ ಕಟ್ಟಿದ್ದರೂ ಇದೇ ಆಗುತ್ತಿತ್ತೇನೋ. ಆಗುತ್ತಿರಲಿಲ್ಲವೇನೋ. ಮೂರು ದಿನ ಮೊದಲೇ ಔಷಧಿ ಬಿದ್ದಿದ್ದರೆ ಉಸಿರು ಉಳಿಯುತ್ತಿತ್ತೇನೋ. ಯಾವುದನ್ನು ಹಿಡಿದು ಪಶ್ಚಾತ್ತಾಪ ಪಡಬೇಕು ಎಂದೇ ನನಗೆ ತಿಳಿಯಲಿಲ್ಲ. ಹೇಳಿದ ಸುಳ್ಳೊಂದೇ ಕೈಗೆ ಸಿಗುವಂತೆ ಗಟ್ಟಿಯಾಗಿತ್ತು.

ಅದನ್ನಾದರೂ ಹೇಳಿಬಿಡೋಣ ಎಂದು ಕಳೆದ ವಾರ ಅವರ ಹೆಂಡತಿಯ ಹತ್ತಿರ ಹೋದೆ. ಆಕೆ ಗಂಡನ ಔಷಧಿಗಳನ್ನು ವಾಪಸು ಕೊಡಲು ಚೀಲಕ್ಕೆ ತುಂಬುತ್ತಿದ್ದರು. ಕೂಡ್ರಿ ಅಣ್ಣಾರೆ ಎಂದರು. ಕೂರಲಿಲ್ಲ. ನಿಂತೇ ಹೇಳಿದೆ. ಸೊಸೆಗೆ ಆಗಿದ್ದು, ಬೇವನ್ನು ಹಿಂದೆ ಕಟ್ಟಿದ್ದು, ಒಗ್ಗರಣೆ ಇಲ್ಲದ್ದು ಯಾಕೆ ಎಂಬುದು, ಬಾಗಿಲಲ್ಲಿ ನಿಂತು ನೀವು ಕೇಳಿದಾಗ ನಾನು ಇಲ್ಲ ಎಂದದ್ದು. ಇದನ್ನೆಲ್ಲ ಬರೆಯುತ್ತಿದ್ದೇನೆ, ಮೊದಲು ನಿಮಗೆ ಓದಿ ಹೇಳುತ್ತೇನೆ ಎಂದೂ ಹೇಳಿದೆ.

ಆಕೆ ಚೀಲದ ಬಾಯಿಗೆ ಗಂಟು ಹಾಕಿದರು. "ಬರೆಯೋದು ಬರ್ಕೊಳ್ರಿ. ನಾ ಓದಲ್ಲ, ನೀವೂ ಓದಿ ಹೇಳಬ್ಯಾಡ್ರಿ" ಎಂದರು. ಆಮೇಲೆ ನನಗಲ್ಲ, ತಮಗೇ ಹೇಳಿಕೊಳ್ಳುವ ಹಾಗೆ ಮಾತಾಡಿದರು.

"ಅವರು ನಿಮ್ಮನ್ಯಾಗೆ ಉಂಡ ವಾರನೇ ನಾನು ಹದಡಿಗೆ, ನಾದಿನಿ ಮನಿಗೆ ಹೋಗಿದ್ದೆ. ಅಕಿ ಮೈದುನನ ಕೂಸಿನ ಹೆಸರಿಡೋದಿತ್ತು. ಮನಿ ತುಂಬ ಹುಡುಗ್ರು. ಒಂದು ಕೂಸಿನ ಕೆನ್ನಿ ಮ್ಯಾಲೆ ಎಂಥದೋ ಗುಳ್ಳಿ ಇತ್ತು. ಸೊಳ್ಳಿ ಕಡಿದೈತಿ ಅಂದ್ಲು ಅಕಿ. ನಾನು ಆ ಕೂಸನ್ನ ಎತ್ತಿಕೊಂಡಿದ್ದೆ. ನಿಮ್ಮನ್ಯಾಗೆ ಇಲ್ಲ ಅಂದ್ರಲ್ಲ, ಹಂಗಾದ್ರೆ ನಾನೇ ನನ್ನ ಸೀರ್ಯಾಗೆ ತಂದು ಅವರ ಮಂಚಕ್ಕೆ ಹಾಕಿದೆ ಅಂತ ತಿಳಕೊಂಡೆ. ಜೀವ ಕೊಟ್ಟೋಳು ನೀನೇ, ತೆಗೆದೋಳೂ ನೀನೇ ಅಂತ ಅಕಿಗೆ ಫೋನಿನ್ಯಾಗೆ ಅಂದೆ. ನನ್ನ ಹೊಸ್ತಿಲು ತುಳೀಬ್ಯಾಡ ಅಂದೆ."

ಹದಿನಾರು ತಿಂಗಳು. ಗಂಡನ ಮೈ ಒರೆಸುತ್ತ, ಹನಿ ಹಾಕುತ್ತ, ಯಂತ್ರ ನೋಡಿಕೊಳ್ಳುತ್ತ, ಇದನ್ನೂ ಹೊತ್ತುಕೊಂಡು ಆಕೆ ಆ ಮನೆಯಲ್ಲಿದ್ದರು. ನನ್ನ ಸುಳ್ಳು ಮೂರು ದಿನ ಮಾತ್ರ ಕದ್ದಿದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ.

"ಹಂಗಾದ್ರೆ ನಾ ತಂದಿದ್ದಲ್ಲ" ಎಂದರು ಆಕೆ. ಮುಖ ಎತ್ತಿ ನನ್ನನ್ನು ನೋಡಿ ಇನ್ನೊಮ್ಮೆ, "ಅಲ್ಲೇನ್ರಿ ಅಣ್ಣಾರೆ, ನಾ ತಂದಿದ್ದಲ್ಲ?"

ಡಾಕ್ಟರು ಹೇಳಿದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಳಗಿನಿಂದಲೇ ಎದ್ದಿರಬಹುದು, ಯಾರೂ ತಂದಿರಲಿಕ್ಕಿಲ್ಲ, ನಾನೂ ಅಲ್ಲದಿರಬಹುದು. ಹೇಳಿದ್ದರೆ ನನಗೆ ಅರ್ಧ ಪಾಲು ಹಗುರಾಗುತ್ತಿತ್ತು. ಆದರೆ ಆ ಮಾತಿನಲ್ಲಿ ಇನ್ನೊಂದು 'ಬಹುದು' ಕೂಡ ಇತ್ತು. ಹೊರಗಿನಿಂದ ಬಂದಿರಬಹುದು ಎಂದರೆ ಹದಡಿಯಿಂದಲೂ ಬಂದಿರಬಹುದು.

"ಅಲ್ಲ ತಾಯಿ. ನಮ್ಮ ಮನೆಯಿಂದ ಬಂದದ್ದು" ಎಂದೆ.

ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ಆಕೆ ಎದ್ದು ಮುಖ ತೊಳೆದು, ಬೇರೆ ಸೀರೆ ಉಟ್ಟು, ಬಾಗಿಲಿಗೆ ಬೀಗ ಹಾಕಿ, ಜಗಲಿಯ ಮೇಲೆ ನಿಂತಿದ್ದ ನನ್ನನ್ನು ದಾಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ದಾವಣಗೆರೆಗೆ ಹೋಗಿ ಅಲ್ಲಿಂದ ಹದಡಿಯ ಬಸ್ಸು ಹಿಡಿಯಬೇಕು. ಬಿಸಿಲಿತ್ತು. ಅವರು ಓಡುತ್ತಿದ್ದರು ಎಂದೇ ಹೇಳಬೇಕು.